ಮಣ್ಣಿನ ಲೆಕ್ಕ

ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ತೂಗುತ್ತ
ಇಪ್ಪತ್ತೊಂಬತ್ತು ವರ್ಷವಾಯಿತು.
ತಟ್ಟೆಯ ಮೇಲೆ ಚೀಲ ಬಿದ್ದ ಸದ್ದಿಗೇ
ಐವತ್ತೋ ಐವತ್ತೆರಡೋ ಹೇಳಬಲ್ಲೆ.
ಅದಕ್ಕೇ ಇರಬೇಕು ಸ್ವೀಡನ್ನಿನ ತಾಮ್ರ ನನ್ನ ಕೈ ಹಿಡಿದದ್ದು:
ಬೆಳ್ಳಿ ಸಾಕಾಗದೆ ಒಂದು ದೇಶ
ಗಣಿಯಲ್ಲಿದ್ದದ್ದನ್ನೇ ಬಡಿದು ದುಡ್ಡು ಮಾಡಿ
ತೂಕದಷ್ಟೇ ಬೆಲೆ, ಎಂದಿತಂತೆ.

ಹತ್ತು ದಾಲೆರಿನ ಒಂದು ಹಲಗೆ
ಹತ್ತಿರ ಹತ್ತಿರ ಇಪ್ಪತ್ತು ಕಿಲೋ.
ಜೇಬಿಗಲ್ಲ, ಹೆಗಲಿಗೆ.
ಹಮಾಲಿ ಕರಿಯಪ್ಪನಿಗೆ ಹೇಳಿದೆ.
ಬೀಡಿ ಆರುವಷ್ಟು ನಕ್ಕ:
'ಹಂಗಾದ್ರೆ ಆ ಊರಲ್ಲಿ
ಸಾಹುಕಾರಂಗೂ ಸೊಂಟ ನೋವು.'

ನನ್ನಲ್ಲಿರುವುದು ಹಲಗೆಯಲ್ಲ. ಒಂದೇ ಒಂದು ಓರೆ.
ಅವರು ಹೇಗೆ ಕರೆಯುತ್ತಾರೋ,
ನನ್ನ ಬಾಯಲ್ಲಿ ಕೆಲವು ಸಲ ಓರೆ, ಕೆಲವು ಸಲ ಒರೆ.
ಸಾವಿರದ ಆರುನೂರ ನಲವತ್ತೈದರದು.
ಅಂಚು ಮುರಿದ ಹಪ್ಪಳ,
ಕಿರೀಟದ ಕೆಳಗೆ ಒಂದರ ಮೇಲೊಂದು ಅಡ್ಡಬಿದ್ದ ಎರಡು ಬಾಣ,
ಮೈತುಂಬ ಕಾಫಿ ಡಿಕಾಕ್ಷನ್ನಿನ ಬಣ್ಣ,
ಅಕ್ಷರದ ಸಂದಿಯಲ್ಲಿ ಪಾಚಿಹಸಿರು.
ಚಿನ್ನದಂಗಡಿಯ ಮೌನೇಶಾಚಾರ್ ತಕ್ಕಡಿ ಕೊಟ್ಟು
ಅತ್ತ ತಿರುಗಿ ಕೂತರು, ಇದು ತಮ್ಮ ಲೋಹವಲ್ಲವೆಂಬಂತೆ.
ನಲವತ್ತೇಳು ಪಾಯಿಂಟ್ ಆರು ಸೊನ್ನೆ.
ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ಗುರುವಾರ ಸಂಜೆ ಮನೆಗೆ ಬಂದರೆ
ಗೂಡಿನಲ್ಲಿ, ಬೋರಲು ಹಾಕಿದ ತಂಬಿಗೆಯ ಪಕ್ಕ,
ಹೊಸ ಚೆಂಬಿನ ಬಣ್ಣದ್ದು ಏನೋ.
'ಕಿಲುಬು ಹಿಡಿದಿತ್ತು' ಅಂದಳು ಚಂದ್ರಕಲಾ.
'ಹುಣಸೇಹಣ್ಣು ಉಪ್ಪು ಹಾಕಿ ತಿಕ್ಕಿದೆ.
ಬಾಣ ಐತೆ ಕಣ್ರೀ ಅದರಲ್ಲಿ! ಗೊತ್ತಿತ್ತಾ ನಿಮಗೆ?'

ಮುನ್ನೂರೆಂಬತ್ತು ವರ್ಷ
ಯಾವ ತೆರಿಗೆಯವನೂ ಯಾವ ಕಳ್ಳನೂ ಯಾವ ಹಿಮವೂ
ಮಾಡದ್ದನ್ನು
ಗೋಲಿಗಾತ್ರದ ಹುಣಸೆ ಮಾಡಿತ್ತು.
ಬಾಯಿ ತೆರೆದೆ.
ಅವಳ ಬೆರಳ ತುದಿ ಹುಳಿಗೆ ಬಿಳುಚಿ ಸುಕ್ಕಾಗಿತ್ತು.
ಮುಚ್ಚಿದೆ.

ಮತ್ತೆ ಆಚಾರರ ತಕ್ಕಡಿ.
ನಲವತ್ತೇಳು ಪಾಯಿಂಟ್ ಮೂರು ಐದು.
ಕಾಲು ಗ್ರಾಂ.
ಬಚ್ಚಲ ನೀರಿನಲ್ಲಿ ಹರಿದು
ಹಿತ್ತಿಲ ಕೆಸುವಿನ ಬುಡ ಸೇರಿದೆ ಒಂದು ರಾಜ್ಯದ ಹಸಿರು.

ಚೀಲಕ್ಕೆರಡು ಕಿಲೋ
ಮಣ್ಣಿನ ಲೆಕ್ಕಕ್ಕೆಂದು ಮುರಿದು ಬರೆಯುವ ಕೈ ಇದು.
ಮೊಸಳೆಹೊಸಹಳ್ಳಿ ಕಡೆಯ ಹೆಂಗಸೊಬ್ಬಳು, ಯಾವ ವರ್ಷವೋ,
ಸೆರಗಿನಲ್ಲಿ ಚೀಟಿ ಕಟ್ಟಿಕೊಳ್ಳುತ್ತ ಕೇಳಿದ್ದಳು:
'ಆ ಮಣ್ಣೂ ನಂದೇ ಅಲ್ವಾ ಸ್ವಾಮಿ?'
ಮುಂದಿನ ಚೀಲ, ಎಂದಿದ್ದೆ.
ಅಷ್ಟೇ ಎಂದಿದ್ದೆ.

ನೋಟ್‌ಬುಕ್ಕಿನಲ್ಲಿ ಹಳೆಯ ತೂಕ ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಹೊಸದು ಬರೆದೆ.
ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು,
ಆಚಾರರ ಫ್ಯಾನು ಒಂದು ಸುತ್ತು ಮುಗಿಸುವಷ್ಟು.
ಮಣ್ಣು, ಎಂದು ಬರೆದೆ.

ಮನೆಯಲ್ಲಿ ಅದನ್ನು ಮತ್ತೆ ಗೂಡಿನಲ್ಲೇ ಇಟ್ಟೆ.
ಬಲ್ಬಿನ ಬೆಳಕಿಗೆ ಎರಡು ಬಾಣವೂ ಎದ್ದು ಕಾಣುತ್ತಿದ್ದವು.
ಚೆನ್ನಾಗಿಯೇ ಇತ್ತು.