ಸೊನ್ನೆ ಬೈಟು

ಮೊದಲ ಫೋನು ನಾರಿನ್‌ನಿಂದ, ಬೆಳಗಿನ ಏಳಕ್ಕೆ.
"ಬೈಕೆ, ಯಂತ್ರ ನನ್ನನ್ನು ಒಳಗೆ ಬಿಡುತ್ತಿಲ್ಲ."
ಅಸಿಲ್ಗುಲ್. ಹಿಮನದಿಯ ಮೇಲೆ ನೆಟ್ಟ ಕೋಲುಗಳನ್ನು
ಅಳೆದು ನಿನ್ನೆಯಷ್ಟೇ ಇಳಿದವಳು.
ಬೆರಳು ಇನ್ನೂ ಮರಗಟ್ಟಿತ್ತೇನೋ,
ಕೀಲಿಮಣೆಯ ಸದ್ದು ತಡೆತಡೆದು ಕೇಳುತ್ತಿತ್ತು.

"ಏನನ್ನುತ್ತದೆ?"
"ಏನೂ ಅನ್ನುವುದಿಲ್ಲ. ಪಾಸ್‌ವರ್ಡ್ ಕೇಳುತ್ತದೆ,
ಕೊಡುತ್ತೇನೆ, ಮುಖದ ಮೇಲೆ ಬಾಗಿಲು ಹಾಕುತ್ತದೆ."

ಬಿಷ್ಕೆಕ್‌ನಲ್ಲಿ, ಕಲ್ಲಿದ್ದಲ ಹೊಗೆ ಕವಿದ ಕಿಟಕಿಯ ಪಕ್ಕ
ನಾನು ರೂಟ್ ಎಂದು ಒತ್ತಿದೆ. ಒಳಗಿದ್ದೆ.
"ನನಗೆ ಆಗುತ್ತಿದೆಯಲ್ಲ," ಅಂದೆ.
ಆ ದಿನ ಅದೇ ಮಾತು ಎಷ್ಟು ಸಲ ಅಂದೆನೋ,
ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕ್ಯಾಪ್ಸ್ ಲಾಕ್ ನೋಡು. ನೋಡಿದಳು.
ಅಕ್ಷರ ಸಿರಿಲಿಕ್‌ಗೆ ಹೊರಳಿದೆಯಾ ನೋಡು. ನೋಡಿದಳು.
ನಿಧಾನ ಒತ್ತು. ಒತ್ತಿದಳು.
ಹೊಸ ಪಾಸ್‌ವರ್ಡ್ ಕೊಟ್ಟೆ; ಹಳೆಯದಕ್ಕೆ ಆದ ಮರ್ಯಾದೆಯೇ
ಅದಕ್ಕೂ ಆಯಿತು.

ಒಂಬತ್ತಕ್ಕೆ ಆತ್‌ಬಾಶಿಯಿಂದ ಜುಮಕದಿರ್ ಅಜ್ಜ,
ನಲವತ್ತು ವರ್ಷ ಮಳೆಮಾಪಕ ಓದಿದವರು:
"ಮಗಾ, ನಾನೇನಾದರೂ ತಪ್ಪು ಮಾಡಿದೆನಾ?"
"ನೋಡ್ತೀನಿ ಅಜ್ಜ," ಅಂದೆ.
ಇಲ್ಲ ಅನ್ನಬಹುದಿತ್ತು.

ಆಮೇಲೆ ಶುರುವಾಯಿತು ನನ್ನ ತಪಾಸಣೆ.
ಖಾತೆಗೆ ಬೀಗ ಬಿದ್ದಿದೆಯಾ? ಇಲ್ಲ. ಅವಧಿ ಮುಗಿದಿದೆಯಾ? ಇಲ್ಲ.
ಅವರವರ ಮನೆಯ ಫೋಲ್ಡರಿಗೆ ಯಾರೋ
ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟುಬಿಟ್ಟಿದ್ದಾರಾ?
(ಕೀಲಿ ಸರಿಯಿದ್ದರೂ ಅಂಥ ಮನೆಯನ್ನು ಅದು ನಂಬದು.)
ಅದೂ ಇಲ್ಲ. ಶೆಲ್ ಇದೆ, ಡಿಸ್ಕಿನಲ್ಲಿ ಜಾಗ ಇದೆ,
ಅನುಮತಿಯ ಪಟ್ಟಿಯಲ್ಲಿ ಹೆಸರುಗಳೂ ಇವೆ.
ಲಾಗ್ ತೆರೆದರೆ ಒಂದೇ ಸಾಲು, ಅರವತ್ತು ಸಲ:
ಖಾತೆಯ ನಿಯಮದಂತೆ ನಿರಾಕರಿಸಲಾಗಿದೆ.
ಯಾವ ನಿಯಮ? ಕಚೇರಿಯ ಗುಮಾಸ್ತನ ಹಾಗೆ
ಅಷ್ಟು ಹೇಳಿ ಕಿಟಕಿ ಎಳೆದುಕೊಳ್ಳುತ್ತದೆ.

ಮಧ್ಯಾಹ್ನ ಲೆಕ್ಕಪತ್ರದ ಬೆರ್ಮೆತ್ ಚಹಾ ತಂದಿಟ್ಟು
ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದಳು.
"ನೀನು ಅವರ ಹಾಗೆ ಒಮ್ಮೆ ಹೋಗಿ ನೋಡಿದೆಯಾ?"

ನೋಡಿರಲಿಲ್ಲ.

ನನ್ನಜ್ಜಿಯ ಉಣ್ಣೆಯ ಗುಡಾರದಲ್ಲಿ
ಬಾಗಿಲಿಗೆ ಎದುರಾಗಿ, ಬಾಗಿಲಿಂದ ಅತಿ ದೂರದ ಜಾಗಕ್ಕೆ
ತೋರ್ ಎನ್ನುತ್ತಿದ್ದರು. ದೊಡ್ಡವರಿಗೆ ಅಲ್ಲಿ ಹಾಸಿಗೆ, ದಿಂಬು.
ಅಲ್ಲಿ ಕೂತವರಿಗೆ ಹೊಸ್ತಿಲ ಸಂದಿಯ ಗಾಳಿ ತಾಗುವುದಿಲ್ಲ.
ಹದಿಮೂರು ವರ್ಷ ನಾನು ಅಲ್ಲೇ ಕೂತಿದ್ದೆ.

ಒಂದು ಬಡ ಖಾತೆ ಮಾಡಿಕೊಂಡೆ, ನನ್ನ ಸ್ವಂತ ಹೆಸರಲ್ಲಿ.
ಪಾಸ್‌ವರ್ಡ್ ಕೇಳಿತು. ಕೊಟ್ಟೆ.
ಸಂಪರ್ಕ ಮುಚ್ಚಲಾಗಿದೆ.
ಮತ್ತೆ ಕೊಟ್ಟೆ. ನನ್ನ ಬೆರಳ ಮೇಲೇ ಅನುಮಾನ ಬಂತು.

ಅಮೇಲಷ್ಟೇ ಇಟಿಸಿ ಫೋಲ್ಡರಿನಲ್ಲಿ ಅದು ಕಂಡದ್ದು:
ನೋಲಾಗಿನ್. ಅಳತೆ ಸೊನ್ನೆ ಬೈಟು.
ಒಡೆಯ ರೂಟ್. ನಿನ್ನೆ ರಾತ್ರಿ ಹನ್ನೊಂದು ನಲವತ್ತು.

ಒಡೆಯ ನಾನು.
ಕರೆಂಟು ತೆಗೆಯುತ್ತಾರೆಂದು ಹೇಳಿದ್ದರು;
ಅರ್ಧ ಗಂಟೆ ಯಾರೂ ಬರದಿರಲಿ ಅಂತ
ಆ ಖಾಲಿ ಕಡತ ಇಟ್ಟು, ಯಂತ್ರ ಆರಿಸಿ,
ಕೊನೆಯ ಮಿನಿಬಸ್ಸು ಹಿಡಿಯಲು ಓಡಿದ್ದೆ.
ಬೆಳಿಗ್ಗೆ ಯಂತ್ರ ಎದ್ದಿತು. ಕಡತವೂ ಎದ್ದಿತು.
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.
ಒಳಗೆ ಒಂದು ಸಾಲು ಬರೆದಿದ್ದರೆ,
"ಸ್ವಲ್ಪ ತಾಳಿ, ತಪ್ಪು ನಿಮ್ಮದಲ್ಲ" ಎಂದು,
ಯಂತ್ರ ಅದನ್ನೇ ಅವರಿಗೆ ಓದಿ ಹೇಳುತ್ತಿತ್ತು.
ಬರೆಯಲು ಹತ್ತು ಸೆಕೆಂಡು ಬೇಕಿತ್ತು.

ಅಳಿಸಿದೆ. ಅಸಿಲ್ಗುಲ್ ಒಳಗೆ ಬಂದಳು,
ಏಳನೇ ಕೋಲು, ಎರಡು ಮೀಟರು ಹದಿನಾಲ್ಕು, ಎಂದು ತುಂಬತೊಡಗಿದಳು.
ಏನಾಗಿತ್ತೆಂದು ಕೇಳಲಿಲ್ಲ. ನಾನೇ ಹೇಳಿದೆ.

ಆತ್‌ಬಾಶಿಗೆ ಫೋನು ಮಾಡಿದರೆ ಸೊಸೆ ಎತ್ತಿದಳು.
ಅಜ್ಜ ಮನೆಯಲ್ಲಿಲ್ಲ; ಹತ್ತರ ಗಾಡಿಗೇ ನಾರಿನ್‌ಗೆ ಹೊರಟರು,
ಹೊಸ ಟೋಪಿ ಹಾಕಿಕೊಂಡು, ಪಾಸ್‌ಪೋರ್ಟು ಜೇಬಿನಲ್ಲಿಟ್ಟುಕೊಂಡು,
ಕಚೇರಿಯಲ್ಲಿ ಯಾರಿಗಾದರೂ ತೋರಿಸಬೇಕಂತೆ
ತಾನು ತಾನೇ ಅಂತ.