ಸಿಂಬೆ

ಅರಸೀಕೆರೆ ಲೋಕೋ ಶೆಡ್ಡಿನಲ್ಲಿ ಕಲ್ಲಿದ್ದಲು ಹೊರುವವರಿಗೆಲ್ಲ
ಅಪ್ಪ, ಪೌಜಿನ ಕರಿಯ.
ಎಂಜಿನ್ನು ಬುಸ್ಸೆಂದು ಹಬೆ ಬಿಟ್ಟರೆ ಸಾಕು
ಬುಟ್ಟಿ ಚೆಲ್ಲಿ, ಹಳಿಯ ಪಕ್ಕ ಬೋರಲು ಬಿದ್ದು
ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ.
ಗೊತ್ತಿದ್ದೇ ಬಿಡುತ್ತಿದ್ದ ಫೈರ್‌ಮನ್ನು,
ಹೊಸಬರು ಕೆಲಸಕ್ಕೆ ಬಂದ ದಿನ, ತೋರಿಸಲು.

ಗಾಳಿ ಸೋಕಿದೆ ಎಂದಳು ಅವ್ವ.
ಬೇವಿನ ಸೊಪ್ಪು, ಕರಿಕೋಳಿ, ತಾಯತ,
ಜೇನುಕಲ್ಲು ಬೆಟ್ಟಕ್ಕೆ ಮೂರು ಹುಣ್ಣಿಮೆ.
'ಯಾರು ನೀನು, ಹೆಸರು ಹೇಳು' ಎಂದು ಮಂತ್ರದವನು ಬಡಿದಾಗ
ಅಪ್ಪನ ಬಾಯಲ್ಲಿ ಬಂತು: ಡನ್ಲಾಡಿ.
ಅಂಥ ದೆವ್ವ ನಮ್ಮ ಸೀಮೆಯಲ್ಲೇ ಇಲ್ಲ ಎಂದು
ಕೋಳಿ ಹಿಡಿದುಕೊಂಡು ಎದ್ದುಹೋದ.

ಮಿಲಿಟರಿ ಕಾಗದವನ್ನು ಮೇಷ್ಟ್ರು ಓದಿ ಹೇಳಿದರು:
ನರದ ಕಾಯಿಲೆ.
ನರ ಅಂದ್ರೆ ಮನುಷ್ಯನೂ ಹೌದಲ್ಲವಾ ಸ್ವಾಮಿ,
ಹಂಗಾದ್ರೆ ಸರಿಯಾಗೇ ಬರೆದವ್ರೆ, ಎಂದಳು ಅವ್ವ.

ಸೂರಿನ ಗಳುವಿಗೆ ಸಿಕ್ಕಿಸಿದ ಒಂದು ಸಿಂಬೆ ಇತ್ತು.
ಖಾಕಿ ಬಟ್ಟೆಯದು; ನಮ್ಮ ಹಾಗೆ ಸುತ್ತಿದ್ದಲ್ಲ, ಹೆಣೆದದ್ದು.
ಅಪ್ಪ ಅದನ್ನು ತಲೆಗಿಡುತ್ತಿರಲಿಲ್ಲ.
ನಾನಿಟ್ಟೆ, ಒಂಬತ್ತರ ಹುಡುಗಿ,
ರೈಲ್ವೆ ನಲ್ಲಿಯಿಂದ ಕೊಡ ಹೊತ್ತು ಬಂದೆ.
ಕೊಡ ಒಡೆಯಿತು. ಕೆನ್ನೆಗೆ ಬಿತ್ತು.
ಅದೊಂದೇ ಸಲ, ಅವನು ಬದುಕಿರುವತನಕ.
ಆಮೇಲೆ ನೀರಲ್ಲೇ ಕೂತು ಸಿಂಬೆ ಹಿಂಡುತ್ತ ಹೇಳಿದ,
ನನಗಲ್ಲ, ಅದಕ್ಕೆ:

'ಅವನೂ ತಲೆ ಮೇಲೆ ಹೊರೋನೇ. ಆಫ್ರಿಕದೋನು.
ಬರ್ಮಾ ಕಾಡು, ಕಲಾದಾನ್ ಹೊಳೆ ದಂಡೆ.
ನಿನ್ನ ಹೆಸರಿಗೇನರ್ಥ ಅಂದ. ಕಪ್ಪು ಅಂದೆ.
ಬಿದ್ದೂ ಬಿದ್ದೂ ನಕ್ಕ, ಅವನ ಮುಂದೆ ನಾನು ಬೆಳ್ಳಗಿದ್ದೆ.
ಅವಂದು, ಭಾನುವಾರ ಹುಟ್ಟಿದೋನು ಅಂತ.
ನಮ್ಮ ಕೇರೀಲಿ ಸೋಮ, ಮಂಗಳಿ, ಶನಿಯ ಎಲ್ಲ ಇದ್ರು,
ಭಾನುವಾರದೋನು ಒಬ್ಬನೂ ಇರಲಿಲ್ಲ.
ಸಾಹೇಬ ಇಬ್ಬರಿಗೂ ಸೇರಿಸಿ ಒಂದೇ ಬೈಗುಳ ಬಿಡೋನು,
ಅರ್ಧ ನಿಂಗೆ ಅರ್ಧ ನಂಗೆ ಅಂತ ಹಂಚ್ಕೊಂತಿದ್ವಿ.
ಸಿಂಬೆಗೆ ಅವರು ಗಮ್ಮೊ ಅಂತಾರೆ.
ಒಂದಿನ ನೀರಿನ ಬಾಟ್ಲಿ ಕಚ್ಚಿ ಕುಡಿದು ನನಗೆ ಕೊಟ್ಟ.
ಒರೆಸದೆ. ಮೇಲಿಂದ ಹುಯ್ಯದೆ.
ಕೈ ನಡುಗ್ತು. ಗುಂಡಿಗೂ ಹಂಗೆ ನಡುಗಿರ್ಲಿಲ್ಲ.'

ಅಲ್ಲಿಗೆ ನಿಲ್ಲಿಸಿ ಇದ್ದಲು ಹೊರಲು ಹೋದ.

ಉಳಿದದ್ದಕ್ಕೆ ಇಪ್ಪತ್ತಾರು ವರ್ಷ ಹಿಡಿಯಿತು.
ಹಾಸನದ ದೊಡ್ಡಾಸ್ಪತ್ರೆ, ನನ್ನದೇ ವಾರ್ಡು, ರಾತ್ರಿ ಪಾಳಿ.
ಎದೆಯಲ್ಲಿ ಇದ್ದಲ ಪುಡಿ, ಉಸಿರು ಗರಗಸ.
ಗ್ಲೂಕೋಸ್ ಬಾಟ್ಲಿ ಬದಲಿಸುತ್ತಿದ್ದೆ. ಕೈ ಹಿಡಿದ.
'ಹೆಣ ಬಿಡಿ, ಪೆಟ್ಟಿಗೆ ಎತ್ಕೊಳ್ಳಿ ಅಂದ್ರು ಕಣಮ್ಮಿ.
ಗುಂಡಿನ ಪೆಟ್ಟಿಗೆ.
ಹೆಣ ಅಂದ್ರು.
ಹೆಣ ನನ್ನ ನೋಡ್ತಿತ್ತು.
ಅವನ ಸಿಂಬೆ ಇಟ್ಕೊಂಡು ಅವನ ಪೆಟ್ಟಿಗೆ ಹೊತ್ಕೊಂಡೆ.
ಬೆಚ್ಚಗಿತ್ತು.
ಹೊಳೆ ದಾಟಿದೆ.
ಭಾರ ಇರ್ಲಿಲ್ಲ ಕಣಮ್ಮಿ. ಎಂಥ ಹಗುರ.'

ಡಾಕ್ಟರು ಬರುವಷ್ಟರಲ್ಲಿ ನಿದ್ದೆ ಹೋಗಿದ್ದ.
ನಾಡಿ ಎಂಬತ್ತೆಂಟು ಎಂದು ಚಾರ್ಟಿನಲ್ಲಿ ಬರೆದೆ.
ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ.

ಮಣ್ಣಿಗಿಡುವ ಮುಂಚೆ ಮೈ ತೊಳೆದೆವು.
ನೆತ್ತಿಯ ನಡುವೆ ಕೂದಲು ಹುಟ್ಟದ ಅಂಗೈಯಗಲದ ಬಯಲು.
ತಲೆಯ ಕೆಳಗೆ ಆ ಸಿಂಬೆ ಇಟ್ಟುಬಿಡೋಣ ಎಂದರು ಕೇರಿಯವರು.
ನಾನು ಕೊಡಲಿಲ್ಲ.
ಅದು ಅಪ್ಪನದಲ್ಲ.
ವಾರಸುದಾರರು ಎಲ್ಲೋ ಇದ್ದಾರು,
ನಮಗೆ ದಾರಿ ಗೊತ್ತಿಲ್ಲದ ಊರಲ್ಲಿ,
ಯಾವುದೋ ಭಾನುವಾರ ಹುಟ್ಟಿದವರು.