ಏಳನೆಯ ಆಕ್ಷೇಪ

ಪುಣೆಯ ಗೋಳಿಬಾರ್ ಮೈದಾನದ ಎದುರಿಗೆ
ನಮ್ಮ ಲೆಕ್ಕದ ಕಚೇರಿ.
ಗೋಡೆಗೆ ಗಡಿಯ ನಕಾಶೆಯಿಲ್ಲ,
ವಿಮೆಯವರ ಕ್ಯಾಲೆಂಡರು, ಪಕ್ಕಕ್ಕೆ ಸೋರಿದ ಕಲೆ.
ಆ ಕಲೆಯೇ ಒಂದು ದೇಶದ ಹಾಗಿದೆ ಅನ್ನುತ್ತಾನೆ
ಢಮಢೇರೆ, ಚಹಾ ಇಡುತ್ತ.

ಇಪ್ಪತ್ತಾರು ವರ್ಷ ಇಲ್ಲಿ ಕೂತು
ಯುದ್ಧಗಳನ್ನು ಕೂಡಿದ್ದೇನೆ, ಕಳೆದಿದ್ದೇನೆ,
ಪೆನ್ಸಿಲ್ಲಿನಲ್ಲಿ.
ಶಾಯಿ ಮೇಲಿನವರಿಗೆ.

ಈ ಸಲ ಬಂದದ್ದು ದಪ್ಪ ಕಡತ:
ಹಿಮದ ಬೂಟು, ಒಂದೂವರೆ ಲಕ್ಷ ಜೋಡಿ,
ಹದಿನೈದು ವರ್ಷದ ಯೋಜನೆ.
ಎಷ್ಟು ಎತ್ತರಕ್ಕೆ? ಹಳೆಯವು ಹರಿದದ್ದು ಎಲ್ಲಿ,
ಹಿಮ್ಮಡಿಯಲ್ಲೋ ಹೊಲಿಗೆಯಲ್ಲೋ?
‘ತುರ್ತು’ ಎಂಬ ಮಾತು ಹನ್ನೊಂದು ಸಲ,
ಕಾರಣ ಒಂದು ಸಲವೂ ಇಲ್ಲ.
ಏಳು ಆಕ್ಷೇಪ ಬರೆದೆ. ಹಿಂದಕ್ಕೆ ಕಳಿಸಿದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ ಅಂದರೆ ಸುಳ್ಳು; ಹತ್ತಿತು.
ಎಚ್ಚರಾದದ್ದು ನಸುಕಿನಲ್ಲಿ,
ಚಾದರದಾಚೆ ಹೋದ ಪಾದ ಫ್ಯಾನಿನ ಗಾಳಿಗೆ ತಣ್ಣಗಾಗಿ.
ಒಂದು ಪೆನ್ಸಿಲ್ ಗೆರೆ ತಡವಾದರೆ
ಎಷ್ಟು ಬೆರಳು ಕಪ್ಪಾಗುತ್ತವೆ,
ಅದಕ್ಕೆ ನಮ್ಮ ತಖ್ತೆಯಲ್ಲಿ ಕಾಲಮ್ಮಿಲ್ಲ.

ಗುರುವಾರ ಕರ್ನಲ್ ಜಸ್ರೋಟಿಯಾ ತಾವೇ ಬಂದರು.
ತೋಪಿನ ದಳದ ಮನುಷ್ಯ,
ಪೆನ್ಸಿಲ್ಲಿಗೆ ಉತ್ತರ ಕೊಡಲು.
ಎಡಗೈಯಲ್ಲಿ ಬೆರಳು ಮೂರು.
(ಎಣಿಸುವುದು ನನ್ನ ಚಾಳಿ.)
ಕುರ್ಚಿ ತೋರಿಸಿದೆ, ಕೂಡಲಿಲ್ಲ.
“ಹಿಮ ಕಂಡಿದ್ದೀರಾ ಮೇಡಂ?”
“ಇಲ್ಲ ಸರ್. ನಾನು ಇಂಡಿ ತಾಲೂಕಿನವಳು,
ನಮ್ಮಲ್ಲಿ ಬಿದ್ದರೆ ಆಲಿಕಲ್ಲು, ಅದೂ ದ್ರಾಕ್ಷಿ ಕೆಡಿಸಲಿಕ್ಕೆ.
ಕಾಣದವಳಿಗೆ ತಿಳಿಯುವ ಹಾಗೆ ಬರೆದುಕೊಡಿ.
ಇದಕ್ಕೆ ದುಡ್ಡು ಕೊಡುವವರೂ ಕಂಡವರಲ್ಲ.”

ಆಗ ಕೂತರು.
ಹಳೇ ಸುತ್ತೋಲೆಯ ಬೆನ್ನಿಗೆ ಒಂದು ಪಾದ ಬರೆದರು,
ಮಡಚುವ ಜಾಗ, ಬೆವರು ಕೂತು ಗಾಜಾಗುವ ಜಾಗ.
ಚಹಾ ಎರಡು ಸಲ ಆರಿತು.
‘ತುರ್ತು’ಗಳಲ್ಲಿ ಹತ್ತನ್ನು ತಾವೇ ಹೊಡೆದು ಹಾಕಿದರು.
ಏಳನೆಯದಕ್ಕೆ ಬಂದೆವು:
ಒಂದು ಜೋಡಿಗೆ ಲೇಸು ಹನ್ನೆರಡು, ಯಾಕೆ?
“ಅಲ್ಲಿ ಗಂಟು ಬಿಚ್ಚಲು ಬೆರಳು ಬಾಗುವುದಿಲ್ಲ.
ಕತ್ತರಿಸುತ್ತೇವೆ.”

ರಬ್ಬರು ಹುಡುಕಿದೆ. ಏಳನೆಯದನ್ನು ಅಳಿಸಿದೆ.
ಆರು ಉಳಿದವು. ಅವುಗಳಿಗೆ
ಅವರೂ ತಕರಾರು ತೆಗೆಯಲಿಲ್ಲ.

ಸಂಜೆ ಬಸ್ಸಿಗೆ ನಿಂತಾಗ ಬೇಲಿಯಾಚೆ ಪೋರರ ಕ್ರಿಕೆಟ್ಟು.
ಒಬ್ಬ, ಎಂಟೊಂಬತ್ತರವ, ಬರಿಗಾಲಲ್ಲಿ
ಇಲ್ಲದ ರನ್ನಿಗೆ ಓಡಿ ಬಿದ್ದ, ಎದ್ದ,
ಅಂಗಾಲು ತಿರುವಿ ಮುಳ್ಳು ನೋಡಿಕೊಂಡ.
ಯೋಜನೆಯ ಕೊನೆಯ ವರ್ಷದ ಸಾಲಿನಲ್ಲಿ
ಬೂಟಿನ ಅಳತೆ ಖಾಲಿ ಬಿಟ್ಟಿದ್ದರು.
ಅದಕ್ಕೆ ನಾನು ಆಕ್ಷೇಪ ಬರೆದಿರಲಿಲ್ಲ.